ಯಾವ ವಿಮಾನ ಹತ್ತಬೇಕು?

2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾದ ಬೋಯಿಂಗ್ 787 ಡ್ರೀಮ್‌ಲೈನರ್ ಬಿದ್ದ ಮೇಲೆ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಿದೆ. ಲಂಡನ್ನಿಗೆ ಓದಲು ಹೊರಟ ಮಗಳಿಗೆ ಡ್ರೀಮ್‌ಲೈನರ್ ಬಿಟ್ಟು ಬೇರೆ ಯಾವುದರಲ್ಲಿ ಟಿಕೆಟ್ ಮಾಡಿಸಲಿ? ಏರ್‌ಬಸ್ ಆದರೆ ವಾಸಿಯೇ? ಹುಬ್ಬಳ್ಳಿಗೆ ಹೋಗುವ ಆ ಫ್ಯಾನಿನ ವಿಮಾನ ಹತ್ತಬಹುದೇ? ಕೇಳುವವರನ್ನು ನಕ್ಕು ಸಾಗಹಾಕುವಂತಿಲ್ಲ. 2019ರ ಮಾರ್ಚಿನಲ್ಲಿ ಬೋಯಿಂಗ್ 737 ಮ್ಯಾಕ್ಸ್ ಎರಡನೇ ಸಲ ಬಿದ್ದಾಗ, ಕಯಾಕ್ ಎಂಬ ಟಿಕೆಟ್ ತಾಣವೇ ಬೇಡದ ಮಾದರಿಯನ್ನು ಪಟ್ಟಿಯಿಂದ ಸೋಸಿ ತೆಗೆಯುವ ಸೌಲಭ್ಯ ಕೊಟ್ಟಿತ್ತು.

ಹೋಲಿಸಿ ನೋಡಲು ಅಂಕಿಅಂಶಗಳಿಗೇನೂ ಬರವಿಲ್ಲ. ಜಗತ್ತಿನ ಜೆಟ್ ವಿಮಾನಗಳ ಅಪಘಾತಗಳ ಲೆಕ್ಕವನ್ನು ಬೋಯಿಂಗ್ ಕಂಪನಿ ಪ್ರತಿವರ್ಷ ಪ್ರಕಟಿಸುತ್ತದೆ. ತನ್ನ ವಿಮಾನಗಳೂ ಪ್ರತಿಸ್ಪರ್ಧಿಯ ವಿಮಾನಗಳೂ ಅಲ್ಲಿ ಒಂದೇ ಕೋಷ್ಟಕದಲ್ಲಿರುತ್ತವೆ. ಹತ್ತು ಲಕ್ಷ ಹಾರಾಟಗಳಿಗೆ, ಜೀವಹಾನಿಯಾಗಿ ವಿಮಾನವೂ ನಾಶವಾದ ಅಪಘಾತಗಳು ಎಷ್ಟು ಎಂಬುದು ಅದರ ಅಳತೆಗೋಲು. ನಮ್ಮ ದೇಶದ ಆಕಾಶದಲ್ಲಿ ಓಡಾಡುವ ಎರಡು ಮಾದರಿಗಳನ್ನು ತೆಗೆದುಕೊಳ್ಳಿ: 737-800 ಸೇರಿದ ತಲೆಮಾರಿನ ಬೋಯಿಂಗ್, ಮತ್ತು ಎ320 ಬಳಗದ ಏರ್‌ಬಸ್. ಎರಡೂ 0.1ರ ಆಸುಪಾಸಿನಲ್ಲಿವೆ. ಅಂದರೆ ಸುಮಾರು ಒಂದು ಕೋಟಿ ಹಾರಾಟಕ್ಕೆ ಒಂದು. ದಿನಕ್ಕೊಂದು ವಿಮಾನ ಹತ್ತಿದರೂ ಒಂದು ಕೋಟಿ ತುಂಬಲು 27 ಸಾವಿರ ವರ್ಷ ಬೇಕು. ಈ ಎರಡರ ನಡುವೆ ಆಯ್ಕೆ ಮಾಡಲು ಕೂರುವುದು ಸಮಯ ಹಾಳು.

ಅದೇ ಕೋಷ್ಟಕ ದಾರಿ ತಪ್ಪಿಸುವುದೂ ಉಂಟು. ಕಾಂಕಾರ್ಡ್ 1976ರ ಜನವರಿಯಲ್ಲಿ ಪ್ರಯಾಣಿಕರ ಸೇವೆಗೆ ಇಳಿಯಿತು. ಇಪ್ಪತ್ತನಾಲ್ಕು ವರ್ಷ ಅದರಲ್ಲಿ ಕೂತ ಒಬ್ಬ ಪ್ರಯಾಣಿಕನೂ ಅಪಘಾತದಲ್ಲಿ ಸಾಯಲಿಲ್ಲ. ಲೆಕ್ಕದ ಪ್ರಕಾರ ಅದಕ್ಕಿಂತ ಸುರಕ್ಷಿತ ವಿಮಾನವೇ ಇರಲಿಲ್ಲ. 2000ದ ಜುಲೈ 25ರಂದು ಪ್ಯಾರಿಸ್ಸಿನಲ್ಲಿ, ಸ್ವಲ್ಪ ಹೊತ್ತಿನ ಮುಂಚೆ ಅದೇ ರನ್‌ವೇಯಿಂದ ಹಾರಿದ್ದ ಇನ್ನೊಂದು ವಿಮಾನದಿಂದ ಕಳಚಿ ಬಿದ್ದ ಲೋಹದ ಪಟ್ಟಿಯ ಮೇಲೆ ಕಾಂಕಾರ್ಡಿನ ಟೈರು ಹರಿದು ಸಿಡಿಯಿತು. ಟೈರಿನ ಚೂರು ರೆಕ್ಕೆಗೆ ಬಡಿದು ಇಂಧನದ ಟ್ಯಾಂಕ್ ಒಡೆಯಿತು. ವಿಮಾನದಲ್ಲಿದ್ದ 109 ಜನ, ನೆಲದ ಮೇಲೆ ನಾಲ್ವರು ಸತ್ತರು. ಎಲ್ಲ ಕಾಂಕಾರ್ಡುಗಳೂ ಸೇರಿ ಆವರೆಗೆ ಒಂದು ಲಕ್ಷ ಹಾರಾಟವನ್ನೂ ಮುಗಿಸಿರಲಿಲ್ಲ. ಹಾಗಾಗಿ ಆ ಒಂದೇ ಅಪಘಾತದಿಂದ ಅದರ ದರ ಹತ್ತು ಲಕ್ಷಕ್ಕೆ ಹನ್ನೊಂದನ್ನು ದಾಟಿ, ಪಟ್ಟಿಯ ತಲೆಯಲ್ಲಿದ್ದದ್ದು ಬುಡಕ್ಕೆ ಬಂತು. ಎರಡೇ ಇನಿಂಗ್ಸ್ ಆಡಿದ ಬ್ಯಾಟ್ಸ್‌ಮನ್ನನ ಸರಾಸರಿಯನ್ನು ಯಾರೂ ನಂಬುವುದಿಲ್ಲ. ಕೆಲವೇ ನೂರು ತಯಾರಾದ ವಿಮಾನಗಳ ‘ಶೂನ್ಯ ಅಪಘಾತ’ವನ್ನೂ ಅಷ್ಟೇ ಎಚ್ಚರದಿಂದ ನೋಡಬೇಕು. 2005ರಲ್ಲಿ ಟೊರೊಂಟೊದಲ್ಲಿ ಏರ್ ಫ್ರಾನ್ಸಿನ ಎ340 ರನ್‌ವೇ ದಾಟಿ ಕಂದಕಕ್ಕೆ ಇಳಿದು ಪೂರ್ತಿ ಸುಟ್ಟುಹೋಯಿತು. 309 ಜನರೂ ಹೊರಗೆ ಓಡಿ ಬದುಕಿದ್ದರಿಂದ ಎ340ರ ಜೀವಹಾನಿಯ ಖಾತೆ ಇವತ್ತಿಗೂ ಚೊಕ್ಕಟವಾಗಿದೆ.

ಮಾದರಿಯ ಹೆಸರು ಎಷ್ಟು ಬೇಗ ಕೆಡುತ್ತದೆ, ಮತ್ತೆ ಹೇಗೆ ಸುಧಾರಿಸುತ್ತದೆ ಎಂಬುದಕ್ಕೆ ಬೆಂಗಳೂರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 1990ರ ಫೆಬ್ರುವರಿ 14ರ ಮಧ್ಯಾಹ್ನ ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ 605 ಸಂಖ್ಯೆಯ ಎ320 ವಿಮಾನ ಎಚ್‌ಎಎಲ್ ನಿಲ್ದಾಣದ ರನ್‌ವೇ ತಲುಪುವ ಮುಂಚೆಯೇ ಪಕ್ಕದ ಗಾಲ್ಫ್ ಮೈದಾನಕ್ಕೆ ಬಡಿಯಿತು, ಒಮ್ಮೆ ಪುಟಿದು ಒಡ್ಡಿಗೆ ಅಪ್ಪಳಿಸಿ ಹೊತ್ತಿಕೊಂಡಿತು. 146 ಜನರಲ್ಲಿ 92 ಮಂದಿ ಹೋದರು. ಮೋಡವಿರಲಿಲ್ಲ, ಮಳೆಯಿರಲಿಲ್ಲ. ಆ ವಿಮಾನ ಸಂಸ್ಥೆಗೆ ಬಂದು ಎರಡು ತಿಂಗಳಾಗಿತ್ತಷ್ಟೆ. ಎ320 ಆಗ ಹೊಸ ಜಾತಿ. ಪೈಲಟ್ ಹಿಡಿಯುವ ಕಡ್ಡಿಗೂ ರೆಕ್ಕೆಯ ಫಲಕಗಳಿಗೂ ನಡುವೆ ತಂತಿಯ ಬದಲು ಕಂಪ್ಯೂಟರ್ ಕೂತಿದ್ದ ಮೊದಲ ಸಾಮಾನ್ಯ ಪ್ರಯಾಣಿಕ ಜೆಟ್. ಎರಡು ವರ್ಷದ ಹಿಂದೆ ಫ್ರಾನ್ಸಿನ ಹಬ್‌ಶೈಮ್‌ನಲ್ಲಿ ಪ್ರದರ್ಶನ ಹಾರಾಟದ ವೇಳೆ ಒಂದು ಕಾಡಿಗೆ ನುಗ್ಗಿ ಮೂವರು ಸತ್ತಿದ್ದರು. ‘ಕಂಪ್ಯೂಟರ್ ವಿಮಾನ ಕೊಂದಿತು’ ಎಂಬ ಮಾತು ಊರೆಲ್ಲ ಹಬ್ಬಿತು. ಕೇಂದ್ರ ಸರ್ಕಾರ ಇಂಡಿಯನ್ ಏರ್‌ಲೈನ್ಸಿನ ಎ320ಗಳನ್ನೆಲ್ಲ ತಿಂಗಳುಗಟ್ಟಲೆ ನೆಲದಲ್ಲಿ ಕಟ್ಟಿಹಾಕಿತು.

ವಿಚಾರಣೆಯಲ್ಲಿ ಹೊರಬಂದ ಚಿತ್ರ ಅಷ್ಟು ಸರಳವಾಗಿರಲಿಲ್ಲ. ಇಳಿಯುವ ಕೊನೆಯ ಹಂತದಲ್ಲಿ ಎಂಜಿನ್‌ಗಳು ‘ಐಡಲ್’ನಲ್ಲೇ ಉಳಿದಿದ್ದವು. ಗಂಟೆಗೆ ಸುಮಾರು 245 ಕಿ.ಮೀ. ಇರಬೇಕಾದ ವೇಗ 200ರ ಹತ್ತಿರಕ್ಕೆ ಕುಸಿದಿತ್ತು. ಎಂಜಿನ್‌ಗಳನ್ನು ಗುಡುಗಿಸಿದಾಗ ನೆಲ ಕೆಲವೇ ಕ್ಷಣ ದೂರದಲ್ಲಿತ್ತು. ನಿಮಿಷಕ್ಕೆ 700 ಅಡಿ ಇಳಿಯುವ ವೇಗವನ್ನು ಒತ್ತಲು ಹೋಗಿ, ಪಕ್ಕದಲ್ಲೇ ಇದ್ದ ಎತ್ತರದ ಗುಂಡಿಯನ್ನು 700ಕ್ಕೆ ತಿರುಗಿಸಿರಬಹುದು ಎಂಬುದು ಒಂದು ಬಲವಾದ ಊಹೆ. ವಿಮಾನ ಹೇಳಿದಷ್ಟನ್ನೇ ಮಾಡಿತು. ಆದರೆ ಅದು ಏನು ಮಾಡುತ್ತಿದೆ ಎಂಬುದು ಮುಂದೆ ಕೂತವರ ಕಣ್ಣಿಗೆ ಹೊಡೆದು ಕಾಣುವಂತಿರಲಿಲ್ಲ, ಅವರೂ ವೇಗದ ಮಾಪಕವನ್ನು ನೋಡುತ್ತಿರಲಿಲ್ಲ.

ಎರಡು ವರ್ಷದ ನಂತರ, 1992ರ ಜನವರಿಯಲ್ಲಿ, ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಬಳಿ ಇನ್ನೊಂದು ಎ320 ರಾತ್ರಿ ಬೆಟ್ಟಕ್ಕೆ ಬಡಿದು 87 ಜನ ಸತ್ತರು. ಅಲ್ಲಿ 3.3 ಡಿಗ್ರಿ ಇಳಿಜಾರು ಎಂದುಕೊಂಡು ಒತ್ತಿದ್ದು ನಿಮಿಷಕ್ಕೆ 3,300 ಅಡಿ ಎಂದಾಗಿತ್ತು ಎಂಬುದು ತನಿಖೆಯ ಅಂದಾಜು; ಪರದೆಯ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ತರಹ ಕಾಣುತ್ತಿದ್ದವು. ಏರ್‌ಬಸ್ ಅಂಕಿ ತೋರಿಸುವ ಕ್ರಮವನ್ನೇ ಬದಲಿಸಿತು, ಪೈಲಟ್‌ಗಳ ತರಬೇತಿಯೂ ಬದಲಾಯಿತು. ಹುಟ್ಟಿದ ನಾಲ್ಕೇ ವರ್ಷದಲ್ಲಿ ಮೂರು ದೊಡ್ಡ ಅಪಘಾತ ಕಂಡ ಈ ಬಳಗದ ಹನ್ನೆರಡು ಸಾವಿರಕ್ಕೂ ಹೆಚ್ಚು ವಿಮಾನಗಳು ಈಗ ಜಗತ್ತಿನಾದ್ಯಂತ ಮಾರಾಟವಾಗಿವೆ. 1990ರಲ್ಲಿ ‘ಎ320 ಬೇಡ’ ಎಂದವರ ಮಕ್ಕಳು ಇವತ್ತು ದೆಹಲಿಗೆ ಹೋಗುವಾಗ ಅದು ಎ320 ಎಂದು ಗಮನಿಸುವುದೂ ಇಲ್ಲ.

ಮಾದರಿಯ ಹೆಸರಿಗಿಂತ ಅದನ್ನು ಯಾರು ಹಾರಿಸುತ್ತಾರೆ ಎಂಬುದೇ ದೊಡ್ಡ ಪ್ರಶ್ನೆ ಎಂಬುದಕ್ಕೆ ಎ320ರ ಎರಡು ದಿನಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹಕ್ಕಿಗಳು ಬಡಿದು ಎರಡೂ ಎಂಜಿನ್ ಸತ್ತ ಎ320 ಹಡ್ಸನ್ ನದಿಯ ಮೇಲೆ ಇಳಿಯಿತು. 155 ಜನರೂ ಬದುಕಿದರು. 2020ರ ಮೇ ತಿಂಗಳಲ್ಲಿ ಕರಾಚಿಯಲ್ಲಿ, ಎಲ್ಲ ಸರಿಯಿದ್ದ ಎ320 ಚಕ್ರ ಕೆಳಗಿಳಿಸದೆ ರನ್‌ವೇಗೆ ತಾಗಿತು, ಎಂಜಿನ್‌ಗಳನ್ನು ನೆಲಕ್ಕೆ ಉಜ್ಜಿಕೊಂಡು ಮತ್ತೆ ಮೇಲೆದ್ದಿತು, ಸ್ವಲ್ಪ ಹೊತ್ತಿನಲ್ಲೇ ಮನೆಗಳ ಮೇಲೆ ಬಿದ್ದಿತು. 99 ಜನರಲ್ಲಿ ಉಳಿದವರು ಇಬ್ಬರು. ಅದಾದ ಮೇಲೆ ಪಾಕಿಸ್ತಾನದ ಪೈಲಟ್‌ಗಳ ನಕಲಿ ಲೈಸೆನ್ಸ್ ಹಗರಣ ಹೊರಬಿದ್ದು, ಯುರೋಪ್ ಆ ವಿಮಾನವನ್ನು ಹಾರಿಸುತ್ತಿದ್ದ ಸಂಸ್ಥೆಗೆ ಬಾಗಿಲು ಹಾಕಿತು. ಬಾಗಿಲು ಹಾಕಿದ್ದು ಸಂಸ್ಥೆಗೆ, ಎ320ಗೆ ಅಲ್ಲ ಎಂಬುದನ್ನು ಗಮನಿಸಬೇಕು. ಕಪ್ಪುಪಟ್ಟಿ ಮಾಡುವ ತಜ್ಞರು ಸಾಮಾನ್ಯವಾಗಿ ಹಿಡಿಯುವುದು ದೇಶವನ್ನು, ಸಂಸ್ಥೆಯನ್ನು. ನೇಪಾಳದ ಸಂಸ್ಥೆಗಳೆಲ್ಲ 2013ರಿಂದ ಯುರೋಪಿನ ನಿಷೇಧದ ಪಟ್ಟಿಯಲ್ಲಿರುವುದೂ ಹಾಗೆಯೇ. ಭಾರತವನ್ನೂ ಅಮೆರಿಕ 2014ರ ಜನವರಿಯಲ್ಲಿ ಎರಡನೇ ದರ್ಜೆಗೆ ಇಳಿಸಿ, ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಸುಧಾರಿಸಿಕೊಂಡ ಮೇಲೆ, ಮರುವರ್ಷ ಏಪ್ರಿಲ್‌ನಲ್ಲಿ ಮತ್ತೆ ಮೇಲಕ್ಕೇರಿಸಿತ್ತು.

ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 737-800ಗೆ ಯಾವ ಯಾಂತ್ರಿಕ ತೊಂದರೆಯೂ ಇರಲಿಲ್ಲ. ಎರಡು ಗಂಟೆಯ ಧ್ವನಿಮುದ್ರಣದಲ್ಲಿ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಎಚ್ಚರವಾದ ಮೇಲೆ ವಿಮಾನ ಇರಬೇಕಾದುದಕ್ಕಿಂತ ತೀರ ಎತ್ತರದಲ್ಲಿತ್ತು. ಸಹಪೈಲಟ್ ಮೂರು ಸಲ ‘ಗೋ ಅರೌಂಡ್’, ಅಂದರೆ ಇಳಿಸದೆ ಮತ್ತೆ ಮೇಲೇರಿ, ಎಂದರು. ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,000 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಬ್ರೇಕ್ ಹಾಕಿದ ಮೇಲೆ ಮತ್ತೆ ಮೇಲೇರುವ ಕೊನೆಗಳಿಗೆಯ ಪ್ರಯತ್ನ ಬೇರೆ. ಬೆಟ್ಟದ ತುದಿಯಿಂದ ಕಣಿವೆಗೆ ಬಿದ್ದು 158 ಜನ ಹೋದರು, ಎಂಟು ಜನ ಉಳಿದರು. ಹತ್ತು ವರ್ಷದ ನಂತರ ಅದೇ ಸಂಸ್ಥೆಯ, ಅದೇ ಮಾದರಿಯ ಇನ್ನೊಂದು ವಿಮಾನ ಅಂಥದೇ ಇನ್ನೊಂದು ಟೇಬಲ್‌ಟಾಪ್ ನಿಲ್ದಾಣವಾದ ಕೋಯಿಕ್ಕೋಡಿನಲ್ಲಿ ಮಳೆಯಲ್ಲಿ ರನ್‌ವೇ ಮೀರಿ ಬಿದ್ದಾಗ ಇಬ್ಬರು ಪೈಲಟ್‌ಗಳೂ ಸೇರಿ 21 ಜನ ಸತ್ತರು. ಅದೂ ಅರ್ಧ ರನ್‌ವೇ ಕಳೆದ ಮೇಲೆ ನೆಲ ಮುಟ್ಟಿತ್ತು. ಜಗತ್ತಿನ ಅತಿ ಸುರಕ್ಷಿತ ಜೆಟ್‌ಗಳಲ್ಲಿ ಒಂದೆಂದು ಕೋಷ್ಟಕ ಹೇಳುವ ವಿಮಾನವೇ ಎರಡೂ ಕಡೆ ಇದ್ದದ್ದು.

ಹಾಗೆಂದು ವಿಮಾನ ಎಂದೂ ತಪ್ಪಿತಸ್ಥನಲ್ಲ ಎಂದರೆ ಅದು ಬೋಯಿಂಗ್ ವಕೀಲರ ಮಾತಾಗುತ್ತದೆ. 737 ಮ್ಯಾಕ್ಸ್ ವಿಷಯದಲ್ಲಿ ದೋಷ ವಿನ್ಯಾಸದ್ದೇ, ಅದಕ್ಕಿಂತ ಹೆಚ್ಚಾಗಿ ಅದನ್ನು ಮುಚ್ಚಿಟ್ಟವರದ್ದು. 1967ರಲ್ಲಿ ಮೊದಲು ಹಾರಿದ 737ರ ದೇಹಕ್ಕೆ ದಪ್ಪ ಹೊಸ ಎಂಜಿನ್ ಕೂರಿಸಬೇಕಾದಾಗ ಅದನ್ನು ಮುಂದಕ್ಕೂ ಮೇಲಕ್ಕೂ ಸರಿಸಿದರು. ಅದರಿಂದ ಕೆಲವು ಸಂದರ್ಭಗಳಲ್ಲಿ ಮೂತಿ ಅತಿಯಾಗಿ ಮೇಲೇಳುವ ಸ್ವಭಾವ ಬಂತು. ಅದನ್ನು ತಿದ್ದಲು ಎಂಕ್ಯಾಸ್ ಎಂಬ ತಂತ್ರಾಂಶ ಸೇರಿಸಿದರು. ವಿಮಾನದಲ್ಲಿ ಮೂತಿಯ ಕೋನ ಅಳೆಯುವ ಸೆನ್ಸರ್ ಎರಡಿದ್ದರೂ ಅದು ನಂಬುತ್ತಿದ್ದದ್ದು ಒಂದನ್ನೇ. ಪೈಲಟ್‌ಗಳ ಕೈಪಿಡಿಯಲ್ಲಿ ಅದರ ವಿವರಣೆಯೂ ಇರಲಿಲ್ಲ, ಏಕೆಂದರೆ ಹೊಸ ತರಬೇತಿ ಬೇಕಾದರೆ ಕೊಳ್ಳುವ ಸಂಸ್ಥೆಗಳಿಗೆ ಖರ್ಚು. 2018ರ ಅಕ್ಟೋಬರಿನಲ್ಲಿ ಇಂಡೋನೇಷ್ಯಾದಲ್ಲಿ 189, ಐದು ತಿಂಗಳೊಳಗೆ ಇಥಿಯೋಪಿಯಾದಲ್ಲಿ 157, ಒಟ್ಟು 346 ಜನ ಪ್ರಾಣ ಕಳೆದುಕೊಂಡರು.

ಈ 346 ಎಂಬ ಸಂಖ್ಯೆ ವಿಮಾನಯಾನದ ಚರಿತ್ರೆಯಲ್ಲಿ ಇನ್ನೊಂದು ಕಡೆಯೂ ಬರುತ್ತದೆ. 1972ರ ಜೂನ್‌ನಲ್ಲಿ ಕೆನಡಾದ ವಿಂಡ್ಸರ್ ಮೇಲೆ ಡಿಸಿ-10 ವಿಮಾನದ ಸರಕಿನ ಬಾಗಿಲು ಆಕಾಶದಲ್ಲೇ ಕಿತ್ತುಹೋಯಿತು. ಪೈಲಟ್‌ನ ಚಾಕಚಕ್ಯತೆಯಿಂದ ಎಲ್ಲರೂ ಉಳಿದರು. ಬಾಗಿಲನ್ನು ಕಡ್ಡಾಯವಾಗಿ ಸರಿಪಡಿಸಿ ಎಂದು ಅಮೆರಿಕದ ನಿಯಂತ್ರಕರು ಆದೇಶ ಹೊರಡಿಸಲಿಲ್ಲ, ತಯಾರಕರೊಂದಿಗೆ ಬಾಯಿಮಾತಿನ ಒಪ್ಪಂದ ಮಾಡಿಕೊಂಡರು. 1974ರ ಮಾರ್ಚಿನಲ್ಲಿ ಪ್ಯಾರಿಸ್ ಬಳಿ ಟರ್ಕಿಯ ಡಿಸಿ-10ರ ಅದೇ ಬಾಗಿಲು ಕಿತ್ತುಹೋಗಿ 346 ಜನ ಸತ್ತರು. ಎರಡೂ ಕಡೆ ಮೊದಲ ಎಚ್ಚರಿಕೆ ಸಿಕ್ಕಿತ್ತು, ಎರಡೂ ಕಡೆ ವ್ಯಾಪಾರ ಮುಂದಾಯಿತು. ಇಂಥ ಹೊತ್ತಿನಲ್ಲಿ ‘ಈ ಮಾದರಿ ಬೇಡ’ ಎನ್ನುವ ಪ್ರಯಾಣಿಕನೇ ಸರಿ, ತಜ್ಞರು ತಪ್ಪು. ಇಪ್ಪತ್ತು ತಿಂಗಳು ನೆಲದಲ್ಲಿ ಕೂತು, ಎರಡೂ ಸೆನ್ಸರ್ ಓದುವಂತೆ ತಿದ್ದಿಸಿಕೊಂಡ ಮ್ಯಾಕ್ಸ್ ಮಾತ್ರ ಬೇರೆ ವಿಷಯ. 2021ರ ಆಗಸ್ಟಿನಲ್ಲಿ ಭಾರತ ಅದಕ್ಕೆ ಮತ್ತೆ ಅನುಮತಿ ಕೊಟ್ಟಿತು. ಆಕಾಸ ಏರ್ ಸೇವೆ ಆರಂಭಿಸಿದ್ದೇ ಮ್ಯಾಕ್ಸ್‌ಗಳಿಂದ, ಹಾಗಾಗಿ ಬೆಂಗಳೂರಿನ ಎಷ್ಟೋ ಜನ ಹೆಸರು ಗಮನಿಸದೆ ಅದರಲ್ಲಿ ಓಡಾಡಿ ಬಂದಿದ್ದಾರೆ.

ಇನ್ನು ಫ್ಯಾನಿನ ವಿಮಾನದ ಮಾತು. ಹುಬ್ಬಳ್ಳಿ, ಮೈಸೂರು, ಶಿವಮೊಗ್ಗಗಳಿಗೆ ಬಂದಿಳಿಯುವ ಎಟಿಆರ್ 72ಕ್ಕೆ ಹೊರಗೆ ಕಾಣುವುದು ಪ್ರೊಪೆಲ್ಲರ್. ಅದನ್ನು ತಿರುಗಿಸುವುದು ಜೆಟ್ ಜಾತಿಯದೇ ಟರ್ಬೈನ್. ಅದರ ಹೆಸರು ಸುದ್ದಿಯಲ್ಲಿ ಹೆಚ್ಚು ಕೇಳುವುದು ನಿಜ. 2023ರ ಜನವರಿಯಲ್ಲಿ ನೇಪಾಳದ ಪೋಖರಾದಲ್ಲಿ 72 ಜನ, 2024ರ ಆಗಸ್ಟಿನಲ್ಲಿ ಬ್ರೆಜಿಲ್‌ನಲ್ಲಿ 62 ಜನ ಅದರಲ್ಲಿ ಸತ್ತರು. ಪೋಖರಾದಲ್ಲಿ ಫ್ಲ್ಯಾಪ್ ಸನ್ನೆಯ ಬದಲು ಪ್ರೊಪೆಲ್ಲರ್‌ಗಳ ಬಲ ಕಳೆಯುವ ಸನ್ನೆಗಳನ್ನು ಎಳೆಯಲಾಗಿತ್ತು. ಆದರೆ ಚಿಕ್ಕ ವಿಮಾನಕ್ಕೆ ಬರುವ ಕೆಲಸವೇ ಕಷ್ಟದ್ದು: ಗಿಡ್ಡ ರನ್‌ವೇ, ಬೆಟ್ಟಗುಡ್ಡ, ಬಡ ಸಂಸ್ಥೆಗಳು, ದಿನಕ್ಕೆ ಹಲವು ಸಲ ಏರಿಳಿತ. ವಿಮಾನಕ್ಕೆ ಅಪಾಯ ಹೆಚ್ಚಿರುವುದು ಏರುವಾಗ, ಇಳಿಯುವಾಗ. ಕಿಲೋಮೀಟರಿನ ಲೆಕ್ಕ ಹಿಡಿದರೆ ದೂರದೂರ ಹೋಗುವ ದೊಡ್ಡ ವಿಮಾನಗಳಿಗೆ ಸುಮ್ಮನೆ ಪುಣ್ಯ ಬರುತ್ತದೆ.

ಸುರಕ್ಷತೆ ಒಂದು, ನಂಬಿಕೆಗೆ ಅರ್ಹವಾಗಿ ಹೊತ್ತಿಗೆ ಸರಿಯಾಗಿ ಹೊರಡುವುದು ಇನ್ನೊಂದು. ಓದುಗರು ಇವೆರಡನ್ನೂ ಬೆರೆಸುತ್ತಾರೆ. ಎ320ರ ಹೊಸ ಆವೃತ್ತಿಯಾದ ‘ನಿಯೋ’ಗಳಿಗೆ ಪ್ರಾಟ್ ಅಂಡ್ ವಿಟ್ನಿ ಕೊಟ್ಟ ಹೊಸ ಎಂಜಿನ್ ಕೊಟ್ಟಷ್ಟು ಕಾಟವನ್ನು ಈಚಿನ ವರ್ಷಗಳಲ್ಲಿ ಬೇರೆ ಯಾವುದೂ ಕೊಟ್ಟಿಲ್ಲ. 2018ರ ಮಾರ್ಚಿನಲ್ಲಿ ಡಿಜಿಸಿಎ ಇಂಡಿಗೊ ಮತ್ತು ಗೋಏರ್‌ನ 11 ವಿಮಾನಗಳನ್ನು ಒಮ್ಮೆಗೇ ನಿಲ್ಲಿಸಿತು. ಗೋ ಫಸ್ಟ್ ಎಂದು ಹೆಸರು ಬದಲಿಸಿಕೊಂಡಿದ್ದ ಗೋಏರ್ 2023ರ ಮೇನಲ್ಲಿ ದಿವಾಳಿ ಅರ್ಜಿ ಹಾಕುವಾಗ ತನ್ನ ಅರ್ಧದಷ್ಟು ವಿಮಾನಗಳು ನಿಂತಿರಲು ಈ ಎಂಜಿನ್ನೇ ಕಾರಣ ಎಂದಿತು. ಒಂದು ಕಂಪನಿಯೇ ಮುಳುಗಿತು. ಆದರೆ ಆ ಎಂಜಿನ್ನಿನ ದೋಷದಿಂದ ಭಾರತದಲ್ಲಿ ಒಬ್ಬ ಪ್ರಯಾಣಿಕನೂ ಸಾಯಲಿಲ್ಲ. ಒಂದು ಎಂಜಿನ್ ನಿಂತರೆ ಇನ್ನೊಂದರಲ್ಲಿ ಇಳಿಯಲು ವಿಮಾನವನ್ನೂ ಪೈಲಟ್‌ನನ್ನೂ ಮೊದಲೇ ತಯಾರು ಮಾಡಿರುತ್ತಾರೆ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳು ಏರ್ ಇಂಡಿಯಾದ 777 ಅನ್ನು ಸ್ಯಾನ್‌ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದದ್ದು ಎರಡೇ ಎಂಜಿನ್ನಿನಲ್ಲಿ. ನಿಲ್ದಾಣದಿಂದ ಮೂರು ಗಂಟೆ ದೂರದವರೆಗೆ ಹೋಗಲು ಎರಡು ಎಂಜಿನ್ನಿನ ವಿಮಾನಕ್ಕೆ ಪರವಾನಗಿ ಬೇಕಾದರೆ, ಸರಾಸರಿ 50 ಸಾವಿರ ಗಂಟೆ ಓಡಿದರೂ ಎಂಜಿನ್ ಹಾರಾಟದ ನಡುವೆ ಒಂದು ಸಲಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ.

ಸುರಕ್ಷತೆ, ಸಮಯಪಾಲನೆ ಎರಡೂ ಕೂಡುವ ಜಾಗ ಒಂದಿದೆ, ಮತ್ತೆ ಮತ್ತೆ ಬರುವ ‘ಸ್ನ್ಯಾಗ್’ ಎಂಬ ಸಣ್ಣ ದೋಷ. ಇಂಡೋನೇಷ್ಯಾದಲ್ಲಿ ಬಿದ್ದ ಮ್ಯಾಕ್ಸ್‌ಗೆ ಹಿಂದಿನ ರಾತ್ರಿಯ ಹಾರಾಟದಲ್ಲೂ ಅದೇ ಕಾಯಿಲೆ ಬಂದಿತ್ತು; ಆ ಪೈಲಟ್‌ಗಳು ಹೇಗೋ ನಿಭಾಯಿಸಿದರು, ಬೆಳಗ್ಗೆ ವಿಮಾನ ಮತ್ತೆ ಹೊರಟಿತು. ಕೋಯಿಕ್ಕೋಡಿನಲ್ಲಿ ಕ್ಯಾಪ್ಟನ್ ಮುಂದಿನ ಗಾಜಿನ ವೈಪರ್ ಮೊದಲ ಪ್ರಯತ್ನದಲ್ಲೇ ಕೈಕೊಟ್ಟಿತ್ತು. ಅದೇ ಸಣ್ಣ ದೋಷವನ್ನು ಕಂಡಾಗ ವಿಮಾನ ನಿಲ್ಲಿಸುವ ಸಂಸ್ಥೆ, ‘ಇದೊಂದು ಟ್ರಿಪ್ ಆಗಲಿ’ ಎನ್ನುವ ಸಂಸ್ಥೆ, ಇವೆರಡರ ಅಂತರ ಬೋಯಿಂಗ್‌ಗೂ ಏರ್‌ಬಸ್‌ಗೂ ಇರುವುದಕ್ಕಿಂತ ದೊಡ್ಡದು. 2025ರ ನವೆಂಬರ್ ಕೊನೆಯಲ್ಲಿ, ಒಂದೇ ಒಂದು ವಿಮಾನ ಆಕಾಶದಲ್ಲಿ ಹಠಾತ್ ಮೂತಿ ಬಗ್ಗಿಸಿದ್ದಕ್ಕೆ, ಸೌರವಿಕಿರಣ ವಿಮಾನದ ನಿಯಂತ್ರಣಕ್ಕೆ ಬೇಕಾದ ದತ್ತಾಂಶವನ್ನು ಕೆಡಿಸಬಹುದೆಂದು ಏರ್‌ಬಸ್ ಸುಮಾರು 6,000 ಎ320ಗಳನ್ನು ತಿದ್ದಿಸಿಕೊಳ್ಳಲು ಹೇಳಿತು. ವಿಮಾನಗಳು ತಡವಾಗಿ ಪ್ರಯಾಣಿಕರು ಶಪಿಸಿದರು. ಅದು ಸುರಕ್ಷತೆ ಕೆಲಸ ಮಾಡಿದ ದಿನ.

787ರ ವಿಷಯಕ್ಕೆ ಬಂದರೆ, 2011ರಿಂದ ಹಾರುತ್ತಿರುವ ಆ ಮಾದರಿ 2013ರಲ್ಲಿ ಬ್ಯಾಟರಿ ಸುಟ್ಟುಕೊಂಡು ಮೂರು ತಿಂಗಳು ನೆಲದಲ್ಲಿತ್ತು. ಆದರೂ ಅಹಮದಾಬಾದಿನವರೆಗೆ ಅದು ಅಪಘಾತದಲ್ಲಿ ಜೀವ ತೆಗೆದಿರಲಿಲ್ಲ. ಎರಡೂ ಎಂಜಿನ್‌ಗಳ ಇಂಧನದ ಸ್ವಿಚ್ಚುಗಳು, ವಿಮಾನ ಮೇಲೆದ್ದ ಕೆಲವೇ ಕ್ಷಣಗಳಲ್ಲಿ ಒಂದರ ಹಿಂದೊಂದು ‘ಕಟ್‌ಆಫ್’ಗೆ ಹೋದವು ಎಂದು ಜುಲೈನ ಪ್ರಾಥಮಿಕ ವರದಿ ಹೇಳಿತು. ಹೇಗೆ ಹೋದವು ಎಂದು ಹೇಳಲಿಲ್ಲ. ಉಳಿದ 787ಗಳ ಬಗ್ಗೆ ಆ ಹಂತದಲ್ಲಿ ಯಾವ ಶಿಫಾರಸನ್ನೂ ಮಾಡಲಿಲ್ಲ. ಅಷ್ಟರ ಮೇಲೆ ಒಂದು ಮಾದರಿಯನ್ನೇ ತಳ್ಳಿಹಾಕುವುದು 1990ರ ಬೆಂಗಳೂರಿನ ತೀರ್ಪನ್ನು ಮರುಕಳಿಸಿದಂತೆ. ಮಗಳ ಟಿಕೆಟ್ ಬದಲಿಸಬೇಕಿಲ್ಲ.

ಪ್ರಯಾಣಿಕರ ಕೈಯಲ್ಲಿರುವುದು ಮಾದರಿಗಿಂತ ಸಣ್ಣ ಕೆಲಸಗಳು, ಅವೇ ಜೀವ ಉಳಿಸಿವೆ. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಇನ್ನೊಂದು ವಿಮಾನಕ್ಕೆ ಢಿಕ್ಕಿಯಾಗಿ ಉರಿಯುತ್ತಿದ್ದ ಎ350ರಿಂದ 379 ಜನರೂ ಹೊರಬಂದರು, ಬ್ಯಾಗುಗಳನ್ನು ಮೇಲೆಯೇ ಬಿಟ್ಟು. ಬೆಲ್ಟ್ ಕೂತಷ್ಟು ಹೊತ್ತೂ ಕಟ್ಟಿರಲಿ. ಮಳೆಗಾಲದಲ್ಲಿ ಮಂಗಳೂರಿಗೆ ಹೊರಟ ವಿಮಾನ ಇಳಿಯದೆ ಮತ್ತೆ ಮೇಲೆದ್ದರೆ, ಬೆಂಗಳೂರಿಗೆ ವಾಪಸಾದರೆ, ದಯವಿಟ್ಟು ಪೈಲಟ್ ಮೇಲೆ ದೂರು ಬರೆಯಬೇಡಿ.